ಎರಡು ಹಾಯಿದೋಣಿ ತೋರಿಸಿ ಒಂದನ್ನು ಆರಿಸಿ ಎನ್ನುವವನ ಬಗ್ಗೆ ಎಚ್ಚರ

ಹಳೆಯ ಹಾಯಿದೋಣಿಯಲ್ಲಿ ಪಾಲು ಕೊಡಿಸುತ್ತೇನೆಂದು ಚಿತ್ರದುರ್ಗ, ಹೊಳಲ್ಕೆರೆ, ದಾವಣಗೆರೆ ಕಡೆಗೆ ಯಾರಾದರೂ ಬಂದರೆ, ಮುಂಗಡ ಕೊಡುವ ಮೊದಲು ಇದನ್ನು ಪೂರ್ತಿ ಓದಿ. ಸಮುದ್ರದಿಂದ ಇಷ್ಟು ದೂರದ ಬಯಲುಸೀಮೆಯಲ್ಲಿ ದೋಣಿ ಮಾರುವವನಿಗೆ ಏನು ಕೆಲಸ ಎಂದು ನಗಬೇಡಿ. 1933ರ ನಂತರ 2022ರಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ ಜಲಾಶಯ ಮತ್ತೆ ಕೋಡಿ ಬಿದ್ದಾಗಿನಿಂದ ನಮ್ಮವರಿಗೆ ನೀರಿನ ಮೇಲೆ ಹೊಸ ಆಸೆ ಹುಟ್ಟಿದೆ. ಅಡಿಕೆಗೆ ಬೆಲೆ ಬಂದ ವರ್ಷ ಕೈಯಲ್ಲಿ ಹಣವೂ ಓಡಾಡುತ್ತದೆ. ಇವೆರಡನ್ನೂ ಲೆಕ್ಕ ಹಾಕಿಕೊಂಡೇ ದಲ್ಲಾಳಿ ಬಂದಿದ್ದ.

ನಾನು ಚಿತ್ರದುರ್ಗದ ಸುತ್ತಲಿನ ಗುಡ್ಡಗಳಲ್ಲಿರುವ ಗಾಳಿಯಂತ್ರಗಳ ನಿರ್ವಹಣೆಯ ಕೆಲಸದಲ್ಲಿದ್ದೇನೆ. ನನ್ನ ಭಾವ ದಾವಣಗೆರೆಯವರು. ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಎಂಜಿನ್ ಸದ್ದಿಲ್ಲದೆ ಕಾರವಾರದಿಂದ ಗೋವಾಕ್ಕೆ ಒಮ್ಮೆ ಹೋಗಬೇಕೆಂಬುದು ಅವರ ಬಹಳ ದಿನದ ಬಯಕೆ. ಹೊಳಲ್ಕೆರೆಯ ಅಡಿಕೆ ಬೆಳೆಗಾರ ಗೆಳೆಯನೊಬ್ಬ ಮೂರನೇ ಪಾಲಿಗೆ ಒಪ್ಪಿದ. ಅವನು ಕೇಳಿದ ಮೊದಲ ಪ್ರಶ್ನೆ, ದೋಣಿಯನ್ನು ಲಾರಿಯ ಮೇಲೆ ತಂದು ಮಾರಿಕಣಿವೆಯಲ್ಲಿ ಬಿಡಬಹುದೇ ಎಂಬುದು. ಹೆದ್ದಾರಿಯಲ್ಲಿ ಗಾಳಿಯಂತ್ರದ ರೆಕ್ಕೆಗಳೇ ಹೋಗುತ್ತವಲ್ಲ ಎಂಬುದು ಅವನ ವಾದ! ದಲ್ಲಾಳಿ ಗೋವಾದಲ್ಲಿ ನೆಲೆಸಿದವನು, ಮಾತು ಮಾತ್ರ ಅಚ್ಚ ಕನ್ನಡ. ನಮ್ಮ ಕಡೆಯವನೇ ಎಂಬ ಭರವಸೆ ಅಲ್ಲಿಂದಲೇ ಶುರುವಾಯಿತು. ದೂರು ದಾಖಲಾಗಿರುವುದರಿಂದ ಅವನ ಹೆಸರನ್ನಾಗಲಿ ದೋಣಿಗಳ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ.

ಅವನು ತೋರಿಸಿದ್ದು ಎರಡು ದೋಣಿ. ಎರಡೂ ಸುಮಾರು 36 ಅಡಿ ಉದ್ದದವು, ಫೈಬರ್‌ಗ್ಲಾಸ್ ಒಡಲು, ಒಳಗೆ ಮಲಗುವ ಜಾಗ, ಪುಟ್ಟ ಅಡುಗೆಕಟ್ಟೆ. ಒಂದು ಸ್ಲೂಪ್: ಹಾಯಿ ಕಟ್ಟುವ ಕೂವೆಮರ ಒಂದೇ, ಅದರ ಹಿಂದೆ ದೊಡ್ಡ ಹಾಯಿ, ಮುಂದೆ ಇನ್ನೊಂದು. ಮತ್ತೊಂದು ಕೆಚ್: ದೊಡ್ಡ ಕೂವೆಮರದ ಹಿಂದೆ, ಚುಕ್ಕಾಣಿಯ ಕಂಬಕ್ಕಿಂತ ಮುಂದೆ, ಮಿಜೆನ್ ಎಂಬ ಗಿಡ್ಡ ಮರ ಇರುತ್ತದೆ, ಅದಕ್ಕೊಂದು ಸಣ್ಣ ಹಾಯಿ. ನೋಡುವುದಕ್ಕೆ ಕೆಚ್ ಬಲು ಚೆಂದ.

ಇವೆರಡರಲ್ಲಿ ಯಾವುದು ಒಳ್ಳೆಯದು ಎಂಬುದು ನಿಜವಾದ ಪ್ರಶ್ನೆಯೇ. ಕೆಚ್‌ನಲ್ಲಿ ಹಾಯಿಯ ಬಟ್ಟೆ ಸಣ್ಣ ಸಣ್ಣ ಭಾಗಗಳಾಗಿ ಹಂಚಿಹೋಗುವುದರಿಂದ ವಯಸ್ಸಾದವರ ಕೈಗೂ ಹತೋಟಿ ಸಿಗುತ್ತದೆ. ಗಾಳಿ ಜೋರಾದರೆ ನಡುವಿನ ದೊಡ್ಡ ಹಾಯಿಯನ್ನು ಪೂರ್ತಿ ಇಳಿಸಿ, ಮುಂದಿನದು ಮತ್ತು ಹಿಂದಿನದರ ಮೇಲೆಯೇ ಸಮತೋಲ ತಪ್ಪದೆ ಸಾಗಬಹುದು. ಆದರೆ ಎರಡು ಮರ ಎಂದರೆ ತಂತಿ, ಹಗ್ಗ, ಬಿಗಿತಿರುಪು ಎಲ್ಲವೂ ಅಷ್ಟಷ್ಟು ಹೆಚ್ಚು. ನೋಡಿಕೊಳ್ಳುವ ಖರ್ಚೂ ಹೆಚ್ಚು. ಕೆಲವು ಕೆಚ್‌ಗಳಲ್ಲಿ ಎರಡು ಮರಗಳ ತುದಿಗಳನ್ನು ಒಂದು ತಂತಿಯಿಂದ ಬಿಗಿದಿರುತ್ತಾರೆ, ಮುಂದಿನ ಮರ ಬಿದ್ದರೆ ಹಿಂದಿನದನ್ನೂ ಎಳೆದುಕೊಂಡು ಬೀಳುವ ಅಪಾಯವಿರುತ್ತದೆ. ಸ್ಲೂಪ್ ಗಾಳಿಗೆ ಎದುರಾಗಿ ಓರೆಯಲ್ಲಿ ಏರುವುದರಲ್ಲಿ ಮುಂದು, ಹಗುರ ಗಾಳಿಯಲ್ಲೂ ಚುರುಕು.

ನಮ್ಮ ಕರಾವಳಿಗೆ ಯಾವುದು ಸರಿ ಎಂಬುದನ್ನು ಗಾಳಿಯೇ ಹೇಳುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಬೆಳಿಗ್ಗೆ ನೆಲದ ಕಡೆಯಿಂದ ಸಣ್ಣ ಗಾಳಿ, ಮಧ್ಯಾಹ್ನದ ಮೇಲೆ ವಾಯವ್ಯದ ಕಡೆಯಿಂದ ಸಮುದ್ರದ ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಕಡಲಿಗೆ ಇಂಥ ದೋಣಿಯನ್ನು ಬುದ್ಧಿಯಿರುವವರು ಇಳಿಸುವುದಿಲ್ಲ. ಕಾರವಾರದಿಂದ ಗೋವಾಕ್ಕೆ ಹೊರಟವನಿಗೆ ಮಧ್ಯಾಹ್ನ ಗಾಳಿ ಹೆಚ್ಚುಕಡಿಮೆ ಮುಖಕ್ಕೇ ಬಡಿಯುತ್ತದೆ. ಹಾಗಾಗಿ ಕೆಚ್‌ನ ಬಿರುಗಾಳಿಯ ಗುಣ ಇಲ್ಲಿ ಉಪಯೋಗಕ್ಕೆ ಬರುವುದು ಅಪರೂಪ, ಸ್ಲೂಪ್‌ನ ಗುಣ ದಿನವೂ ಬೇಕಾಗುತ್ತದೆ. ನಾನು ಸ್ಲೂಪ್ ಎಂದೆ, ಭಾವ ಕೆಚ್ ಎಂದರು.

ದಲ್ಲಾಳಿಗೆ ಬೇಕಾಗಿದ್ದೂ ಈ ವಾದವೇ. ನನಗೆ ಕರೆ ಮಾಡಿದಾಗ “ನೀವು ಹೇಳುವುದೇ ಸರಿ ಸಾರ್, ಒಂದೇ ಮರ ಸಾಕು” ಎನ್ನುತ್ತಿದ್ದ. ಭಾವನಿಗೆ ಕರೆ ಮಾಡಿ “ಅನುಭವಸ್ಥರು ನೀವು, ಕೆಚ್‌ನ ಬೆಲೆ ನಿಮಗೆ ಗೊತ್ತು” ಎನ್ನುತ್ತಿದ್ದ. ಹಬ್ಬದ ಊಟಕ್ಕೆ ಕುಳಿತರೂ ನಮ್ಮಿಬ್ಬರದು ಅದೇ ಮಾತು. ಅಕ್ಕ ಬೇಸತ್ತು “ಮರ ಎಣಿಸುವುದನ್ನು ಬಿಟ್ಟು ದೋಣಿ ಸೋರುತ್ತದೆಯೋ ಇಲ್ಲವೋ ಕೇಳಿ” ಎಂದಳು. ಅವಳ ಮಾತೇ ಸರಿಯಾಗಿತ್ತು. ಎರಡೂ ದೋಣಿ ಒಬ್ಬನದೇ ಕೈಯಲ್ಲಿದ್ದವು. ವಾದದಲ್ಲಿ ಯಾರು ಗೆದ್ದರೂ ದಲಾಲಿ ಅವನಿಗೇ. ಎತ್ತಿನ ಕೊಂಬಿಗೆ ಬಣ್ಣ ಬಳಿದು, ಹಲ್ಲು ನೋಡಲು ಬಿಡದ ಜಾತ್ರೆಯ ವ್ಯಾಪಾರ ಇದು.

ಹಲ್ಲು ಯಾವುದೆಂದು ಹೇಳುತ್ತೇನೆ, ಏಕೆಂದರೆ ಮೋಸ ಅಡಗಿದ್ದದ್ದು ಅಲ್ಲಿ. ಕೂವೆಮರ ತಾನಾಗಿ ನಿಲ್ಲುವುದಿಲ್ಲ. ಹತ್ತೊಂಬತ್ತು ಎಳೆ ಹೊಸೆದ ಸ್ಟೇನ್‌ಲೆಸ್ ಸ್ಟೀಲ್ ತಂತಿಗಳು ಅದನ್ನು ನಾಲ್ಕೂ ಕಡೆಯಿಂದ ಹಿಡಿದಿರುತ್ತವೆ. ಅಕ್ಕಪಕ್ಕದ ತಂತಿಗಳ ಕೆಳತುದಿ ಚೈನ್‌ಪ್ಲೇಟ್ ಎಂಬ ಉಕ್ಕಿನ ಪಟ್ಟಿಗೆ ಸೇರುತ್ತದೆ. ಈ ದೋಣಿಗಳಲ್ಲಿ ಆ ಪಟ್ಟಿ ಮೇಲ್ತಟ್ಟನ್ನು (ಡೆಕ್) ಸೀಳಿಕೊಂಡು ಒಳಗಿಳಿದು, ತೇಗದ ಹಲಗೆಯ ಹಿಂದೆ ಬೋಲ್ಟ್‌ಗಳಲ್ಲಿ ಕೂತಿತ್ತು. ಹೊರಗೆ ಕಾಣುವ ತುದಿ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಆದರೆ ಮೇಲ್ತಟ್ಟಿನ ಸಂದಿಗೆ ತುಂಬಿದ ಅಂಟು ವರ್ಷಗಳು ಕಳೆದಂತೆ ಬಿರಿಯುತ್ತದೆ, ಉಪ್ಪುನೀರು ಇಳಿದು ಅಲ್ಲಿಯೇ ನಿಲ್ಲುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದಿರುವುದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡ್ ಪದರದಿಂದ. ಗಾಳಿಯಾಡದ ಸಂದಿಯಲ್ಲಿ ಆಮ್ಲಜನಕ ಸಾಲದೆ ಆ ಪದರ ಮತ್ತೆ ಕೂಡಿಕೊಳ್ಳುವುದಿಲ್ಲ, ಉಪ್ಪಿನ ಕ್ಲೋರೈಡ್ ಒಳಗೊಳಗೇ ಕೊರೆಯುತ್ತದೆ. ಹೊರಗೆ ಒಂದು ಕಂದು ಗೆರೆ ಕಾಣಿಸಿದರೆ ಅದೃಷ್ಟ. ಮುಂದೊಂದು ದಿನ ಜೋರು ಗಾಳಿಗೆ ಪಟ್ಟಿ ತುಂಡಾಗಿ ಇಡೀ ಮರ ನೀರಿಗೆ ಬೀಳಬಹುದು.

ಗಾಳಿಯಂತ್ರದ ಕೆಲಸದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದಿನವೂ ಎಳೆದು ಬಿಡುವ ಭಾರದಲ್ಲಿ ಲೋಹ ದಣಿಯುತ್ತದೆ, ಬಿರುಕು ಬೋಲ್ಟಿನ ತೂತಿನ ಬಳಿಯೇ ಹುಟ್ಟುತ್ತದೆ. ಹಲಗೆ ಬಿಚ್ಚಿಸಿ ಎಂದು ಮೊದಲ ಭೇಟಿಯಲ್ಲೇ ಕೇಳಿದ್ದೆ. “ಒಳಾಂಗಣ ಹಾಳಾಗುತ್ತದೆ ಸಾರ್, ಮುಂಗಡ ಬಂದರೆ ಮಾಲೀಕರನ್ನು ಒಪ್ಪಿಸುತ್ತೇನೆ” ಎಂದ. ದೋಣಿಯ ಸ್ಥಿತಿ ಪರೀಕ್ಷಿಸುವ ಸರ್ವೇಯರನ ವರದಿಯನ್ನೂ ಅವನೇ ತಂದುಕೊಟ್ಟ. ರಿಗ್ಗಿಂಗ್, ಅಂದರೆ ಮರ ಮತ್ತು ತಂತಿಗಳ ಜೋಡಣೆಯ ಬಗ್ಗೆ ಅದರಲ್ಲಿದ್ದದ್ದು ಒಂದೇ ಸಾಲು: ಮೇಲ್ತಟ್ಟಿನಿಂದ ನೋಡಿದಾಗ ಚೆನ್ನಾಗಿದೆ. ಮರ ಹತ್ತಿಲ್ಲ, ಹಲಗೆ ಬಿಚ್ಚಿಲ್ಲ, ತಂತಿ ಯಾವ ವರ್ಷದ್ದು ಎಂದು ಬರೆದಿಲ್ಲ. ಇಂಥ ತಂತಿಗಳನ್ನು ಹತ್ತರಿಂದ ಹದಿನೈದು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ; ಬಿಸಿ ಮತ್ತು ಉಪ್ಪು ಹೆಚ್ಚಿರುವ ನಮ್ಮ ಕಡಲಿನಲ್ಲಿ ಅಷ್ಟೂ ಕಾಯುವುದು ಕ್ಷೇಮವಲ್ಲ.

ಕೊನೆಗೆ ಭಾವನ ಮಾತೇ ನಡೆದು ಕೆಚ್‌ಗೆ ಮುಂಗಡ ಹೋಯಿತು. ಹಣ ಕೈಸೇರಿದ ಮೇಲೆ ಯಾರ್ಡಿನ ಬಡಗಿಯನ್ನು ಕರೆಸಿ ಹಲಗೆ ಬಿಚ್ಚಲು ಅವನು ಒಪ್ಪಲೇಬೇಕಾಯಿತು. ನಾವು ಗೋಪುರಗಳಲ್ಲಿ ಬಳಸುವ ಡೈ ಪರೀಕ್ಷೆಯ ಡಬ್ಬಿಗಳನ್ನು ಒಯ್ದಿದ್ದೆ. ಪಟ್ಟಿಯನ್ನು ಉಜ್ಜಿ ಒಣಗಿಸಿ ಕೆಂಪು ದ್ರವ ಹಚ್ಚಬೇಕು, ಸ್ವಲ್ಪ ಹೊತ್ತು ಬಿಟ್ಟು ಒರೆಸಿ ಬಿಳಿ ಡೆವಲಪರ್ ಸಿಂಪಡಿಸಬೇಕು. ಬಿರುಕಿದ್ದರೆ ಒಳಗೆ ಉಳಿದ ಕೆಂಪು ಮೇಲೆ ಬರುತ್ತದೆ. ಬಲಗಡೆಯ ಪಟ್ಟಿಯಲ್ಲಿ ಬೋಲ್ಟಿನ ತೂತಿನಿಂದ ಅಂಚಿನವರೆಗೂ ಕೆಂಪು ಗೆರೆ ಎದ್ದಿತು. ಎಡಗಡೆಯದರಲ್ಲೂ ಅದೇ. ಹಿಂದೆ ಆತುಕೊಂಡಿದ್ದ ಪ್ಲೈವುಡ್ ಬೆರಳಿಗೇ ಪುಡಿಯಾಯಿತು. ಭಾವ ಒಂದು ಮಾತೂ ಆಡದೆ ದೋಣಿಯಿಂದ ಇಳಿದು ಹೋದರು.

ದಲ್ಲಾಳಿ ಅಂಜಲಿಲ್ಲ. “ಹಾಗಾದರೆ ಸ್ಲೂಪ್ ತೆಗೆದುಕೊಳ್ಳಿ, ಮುಂಗಡವನ್ನು ಅದಕ್ಕೇ ಹೊಂದಿಸುತ್ತೇನೆ” ಎಂದ. ಆಗ ನಾನು ಸ್ಲೂಪ್‌ನ ಕಾಗದ ಕೇಳಿದೆ. ವಿದೇಶಿ ಪ್ರವಾಸಿಯೊಬ್ಬ ತಾತ್ಕಾಲಿಕವಾಗಿ ತಂದು ಇಲ್ಲಿಯೇ ಬಿಟ್ಟುಹೋದ ದೋಣಿ ಅದು. ಅಂಥದ್ದನ್ನು ಇಲ್ಲಿನವರಿಗೆ ಮಾರುವುದೆಂದರೆ ಆಮದು ಮಾಡಿದಂತೆ, ಸುಂಕ ಕಟ್ಟಿದ ಬಿಲ್ ಆಫ್ ಎಂಟ್ರಿ ಎಂಬ ಆಮದು ದಾಖಲೆ ಇರಬೇಕು. ಅದಿಲ್ಲದಿದ್ದರೆ 1962ರ ಕಸ್ಟಮ್ಸ್ ಕಾಯ್ದೆಯಡಿ ದೋಣಿಯನ್ನೇ ಮುಟ್ಟುಗೋಲು ಹಾಕಬಹುದು. “ಸುಂಕದ ವಿಷಯ ಆಮೇಲೆ ನೋಡಿಕೊಳ್ಳೋಣ” ಎಂದ. ನಾನು ಅಷ್ಟು ದಿನ ಯಾವ ದೋಣಿಯ ಪರ ವಾದಿಸುತ್ತಿದ್ದೆನೋ ಅದು ಮಾರಲು ಬರುವ ದೋಣಿಯೇ ಆಗಿರಲಿಲ್ಲ.

ಮುಂಗಡ ವಾಪಸಾಗಿಲ್ಲ. ಕರಾರಿನಲ್ಲಿ “ಇದ್ದ ಸ್ಥಿತಿಯಲ್ಲಿ ಮಾರಾಟ” ಎಂದಿದೆಯಂತೆ. ಹಳೆಯ ದೋಣಿ ಕೊಳ್ಳುವವರು ಆ ಜಾಗದಲ್ಲಿ “ನಾವು ನೇಮಿಸಿದ ಸರ್ವೇಯರನ ವರದಿ ತೃಪ್ತಿಕರವಾಗಿದ್ದರೆ ಮಾತ್ರ, ಇಲ್ಲವಾದರೆ ಮುಂಗಡ ಪೂರ್ತಿ ಹಿಂದಕ್ಕೆ” ಎಂದು ಬರೆಸಿಕೊಳ್ಳದೆ ಸಹಿ ಹಾಕಬೇಡಿ. ಸರ್ವೇಯರನಿಗೆ ಸಂಬಳ ನೀವೇ ಕೊಡಿ. ದೋಣಿಯನ್ನು ನೀರಿನಿಂದ ಮೇಲೆತ್ತಿಸಿ. ಫೈಬರ್ ಒಡಲಿನ ಗುಳ್ಳೆಗಳು, ಅದರ ತಳದಲ್ಲಿರುವ ಭಾರವಾದ ಕೀಲ್‌ನ ಸೇರುವೆ ತೇಲುತ್ತಿರುವಾಗ ಕಾಣುವುದಿಲ್ಲ. ಮೇಲ್ತಟ್ಟನ್ನು ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ, ಮಂಕು ಸದ್ದು ಬಂದ ಕಡೆ ಒಳಗಿನ ತಿರುಳು ಕೊಳೆತಿರಬಹುದು. ಏಪ್ರಿಲ್, ಮೇ ತಿಂಗಳಲ್ಲಿ “ಮಳೆಗೆ ಮುಂಚೆ ಮುಗಿಸಿಬಿಡೋಣ” ಎಂದು ಅವಸರ ಮಾಡುವವನನ್ನಂತೂ ನಂಬಲೇಬೇಡಿ. ಮಳೆಗಾಲದುದ್ದಕ್ಕೂ ದೋಣಿಯನ್ನು ದಡದಲ್ಲಿಟ್ಟು ಕಾಯುವ ಬಾಡಿಗೆಯನ್ನು ಅವನು ನಿಮ್ಮ ತಲೆಗೆ ಕಟ್ಟುತ್ತಿರುತ್ತಾನೆ.

ಈಗಾಗಲೇ ಹಣ ಕೊಟ್ಟು ಸಿಕ್ಕಿಕೊಂಡವರು ಗೋವಾಕ್ಕೆ ಅಲೆಯಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರ ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು, ಎರಡು ವರ್ಷದ ಒಳಗೆ ಕೊಡಬೇಕು. ದಲ್ಲಾಳಿ ದಲಾಲಿ ಪಡೆದಿದ್ದರೆ ಅದು ಸೇವೆಯೇ ಎಂಬ ಆಧಾರದ ಮೇಲೆ ನಮ್ಮ ವಕೀಲರು ದೂರು ಹಾಕಿದ್ದಾರೆ. ವಾಟ್ಸ್ಆ್ಯಪ್ ಸಂದೇಶಗಳನ್ನು ಅಳಿಸಬೇಡಿ, ಅವನ ಸರ್ವೆ ವರದಿಯ ಮೂಲ ಪ್ರತಿಯನ್ನು ಹಿಂದಿರುಗಿಸಬೇಡಿ. ಅದೇ ಕೆಚ್ ಮತ್ತೆ ಮಾರಾಟಕ್ಕಿದೆ. ಹೊಸ ಫೋಟೋಗಳಲ್ಲಿ ತೇಗದ ಹಲಗೆಗೆ ಪಾಲಿಶ್ ಆಗಿದೆ, ಪಕ್ಕದಲ್ಲಿ ಹೋಲಿಸಿ ನೋಡಲು ಬೇರೊಂದು ಸ್ಲೂಪ್ ಇದೆ.