ಕೊನೆ ಗೊತ್ತಿದ್ದೂ ಮತ್ತೆ ಕೂರಿಸುವ ಸಿನಿಮಾ ಯಾವುದು?

ಒಳ್ಳೆಯ ಸಿನಿಮಾ ಯಾವುದು ಅಂತ ಕೇಳಿದರೆ ನಮ್ಮೆಲ್ಲರ ಬಾಯಲ್ಲೂ ಒಂದು ಪಟ್ಟಿ ರೆಡಿ ಇರುತ್ತದೆ. ಮತ್ತೆ ಮತ್ತೆ ನೋಡುವುದು ಯಾವುದನ್ನು ಅಂತ ಕೇಳಿದರೆ ಅದೇ ಪಟ್ಟಿ ಬರುವುದಿಲ್ಲ. ಈ ಮಳೆಗಾಲದಲ್ಲಿ ನನಗಿಷ್ಟವಾದ ಕೆಲವು ಕನ್ನಡ ಚಿತ್ರಗಳನ್ನು ಅಮ್ಮ ಮತ್ತು ಅಣ್ಣನ ಮಗಳ ಜೊತೆ ಕೂತು ಮತ್ತೆ ನೋಡಿದೆ. ಅಮ್ಮನಿಗೆ ಹಳೆಯವುಗಳ ಕಥೆಯೆಲ್ಲ ಬಾಯಿಪಾಠ. ಹುಡುಗಿಗೆ ಒಂದೂ ಗೊತ್ತಿಲ್ಲ, ಮೇಲಿಂದ ಕೈಯಲ್ಲಿ ಮೊಬೈಲು ಬೇರೆ. ನಾನು ಇಟ್ಟುಕೊಂಡ ಅಳತೆ ಒಂದೇ: ಕೊನೆಗೆ ಏನಾಗುತ್ತದೆ ಅಂತ ಗೊತ್ತಿದ್ದವರನ್ನೂ ಸಿನಿಮಾ ಕೂರಿಸುತ್ತದಾ? ಹಾಗಾಗಿ ಕೊನೆಗಳ ಮಾತು ಬಂದೇ ಬರುತ್ತದೆ. ‘ತರ್ಕ’ದ ಗುಟ್ಟನ್ನು ಮಾತ್ರ ಬಿಟ್ಟುಕೊಡುವುದಿಲ್ಲ, ಭಯ ಬೇಡ.

ಮೊದಲ ಜೋಡಿ ‘ಕಸ್ತೂರಿ ನಿವಾಸ’ (1971) ಮತ್ತು ‘ತಿಥಿ’ (2016). ಇವೆರಡನ್ನು ಯಾಕೆ ಒಟ್ಟಿಗೆ ತೂಗುತ್ತೀಯ ಅಂತ ಕೇಳಬಹುದು. ಒಂದರಲ್ಲಿ ರಾಜ್‌ಕುಮಾರ್, ಇನ್ನೊಂದರಲ್ಲಿ ನಟನೆಯೇ ಗೊತ್ತಿಲ್ಲದ ಮಂಡ್ಯ ಜಿಲ್ಲೆಯ ಹಳ್ಳಿಯ ಜನ. ಆದರೆ ಕಥೆಯ ಬುಡಕ್ಕೆ ಹೋದರೆ ಎರಡೂ ಒಂದೇ ವಿಷಯಕ್ಕೆ ಬರುತ್ತವೆ. ಆಸ್ತಿಯನ್ನು ಮುಷ್ಟಿಯಲ್ಲಿ ಬಿಗಿದು ಹಿಡಿಯಲು ಬಾರದ ಮನುಷ್ಯ ಎರಡರಲ್ಲೂ ಇದ್ದಾನೆ. ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ ರವಿವರ್ಮ ಕೊಟ್ಟದ್ದನ್ನು ವಾಪಸ್ ಪಡೆಯುವವನಲ್ಲ, ಕೈ ಚಾಚುವವನಂತೂ ಅಲ್ಲವೇ ಅಲ್ಲ. ‘ತಿಥಿ’ಯ ಗಡ್ಡಪ್ಪನಿಗೆ ಅಪ್ಪನ ಐದು ಎಕರೆ ಜಮೀನು ಯಾರ ಹೆಸರಿಗಾದರೆ ಏನು? ಬೀಡಿ ಇರಬೇಕು, ಬಾಟಲಿ ಇರಬೇಕು, ನಡೆಯಲು ದಾರಿ ಇರಬೇಕು.

‘ಕಸ್ತೂರಿ ನಿವಾಸ’ ಮತ್ತೆ ನೋಡುವವರಿಗೆ ಇನ್ನಷ್ಟು ಭಾರವಾಗುವ ಚಿತ್ರ. ದೊರೆ–ಭಗವಾನ್ ಕಥೆ ಕಟ್ಟಿರುವ ರೀತಿಯೇ ಅಂಥದ್ದು. ‘ಆಡಿಸಿ ನೋಡು ಬೀಳಿಸಿ ನೋಡು’ ಹಾಡು ಮೊದಲು ಬರುವಾಗ ಮನೆಯಲ್ಲಿ ನಗು ಇದೆ, ಮಗು ಇದೆ, ಎಷ್ಟು ತಳ್ಳಿದರೂ ಎದ್ದು ನಿಲ್ಲುವ ಬೊಂಬೆ ಇದೆ. ಹೊಸದಾಗಿ ನೋಡುವವರಿಗೆ ಅದು ಚೆಂದದ ಹಾಡು, ಅಷ್ಟೇ. ಅದೇ ರಾಗ ಕೊನೆಗೆ ಹೇಗೆ ತಿರುಗಿ ಬರುತ್ತದೆ ಅಂತ ಗೊತ್ತಿರುವ ಅಮ್ಮ ಮಾತ್ರ ಬೊಂಬೆ ಕಾಣಿಸಿಕೊಂಡ ಕೂಡಲೇ ಸೆರಗು ಕೈಗೆ ತೆಗೆದುಕೊಂಡರು. ರವಿವರ್ಮನ ಹತ್ತಿರ ಕೆಲಸಕ್ಕಿದ್ದು ಆಮೇಲೆ ತನ್ನದೇ ಕಾರ್ಖಾನೆ ಕಟ್ಟಿದ ಚಂದ್ರುವಿನ ಹೆಂಡತಿ ನೀಲ, ರವಿವರ್ಮ ಸಾಕಿದ ಪಾರಿವಾಳವನ್ನು ಕೇಳಿಕೊಂಡು ಬರುವ ಹೊತ್ತಿಗೆ ಆ ಪಾರಿವಾಳ ಅವನ ಹತ್ತಿರ ಇರುವುದಿಲ್ಲ. ಜೀವಮಾನದಲ್ಲಿ ಇಲ್ಲ ಅನ್ನದವನು ಅಲ್ಲಿ ಇಲ್ಲ ಅನ್ನಬೇಕು. ರಾಜ್‌ಕುಮಾರ್ ಆ ಜಾಗದಲ್ಲಿ ಕಿರುಚುವುದಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ಆ ಕಾಲದ ಸಿನಿಮಾದಲ್ಲಿ ಅಷ್ಟು ಕಡಿಮೆ ಮಾಡುವುದಕ್ಕೆ ಧೈರ್ಯ ಬೇಕಿತ್ತು.

ನಮ್ಮ ಹುಡುಗಿಯ ತಕರಾರು ಬೇರೆ. ‘ಅಜ್ಜಿ, ಇವರು ಆ ಚಂದ್ರು ಹತ್ರ ಹೋಗಿ ನನ್ನ ದುಡ್ಡು ಕೊಡು ಅಂತ ಕೇಳಿದ್ರೆ ಏನಾಗ್ತಿತ್ತು?’ ಅಮ್ಮನಿಗೆ ಸಿಟ್ಟೇ ಬಂತು. ನನಗೆ ಪ್ರಶ್ನೆ ಸರಿ ಅನ್ನಿಸಿತು. ರವಿವರ್ಮನ ಔದಾರ್ಯದ ಒಳಗೆ ಒಂದು ಹಟವೂ ಇದೆ, ಸ್ವಲ್ಪ ಅಹಂಕಾರವೂ ಇದೆ. ಚಿತ್ರ ಅದನ್ನು ನೋಡಿಯೂ ನೋಡದ ಹಾಗೆ ಮುಂದೆ ಹೋಗುತ್ತದೆ. ಇನ್ನೊಂದು ಮಾತು: 2014ರಲ್ಲಿ ಇದಕ್ಕೆ ಬಣ್ಣ ತುಂಬಿಸಿ ಮತ್ತೆ ಬಿಡುಗಡೆ ಮಾಡಿದರಲ್ಲ, ಎರಡನ್ನೂ ನೋಡಿದವನಾಗಿ ನನ್ನ ಓಟು ಕಪ್ಪು–ಬಿಳುಪಿಗೇ. ಬಣ್ಣದಲ್ಲಿ ಕಣ್ಣು ಸೀರೆ, ಗೋಡೆ, ಪರದೆಗಳ ಕಡೆ ಓಡುತ್ತದೆ. ಕಪ್ಪು–ಬಿಳುಪಿನಲ್ಲಿ ಮುಖ ಬಿಟ್ಟರೆ ನೋಡುವುದಕ್ಕೆ ಬೇರೇನೂ ಇಲ್ಲ.

‘ತಿಥಿ’ಯಲ್ಲಿ ಕೊನೆ ಗೊತ್ತಾಗಿ ಹಾಳಾಗುವಂಥದ್ದು ಏನೂ ಇಲ್ಲ, ಯಾಕೆಂದರೆ ಕಥೆ ಶುರುವಾಗುವುದೇ ಸಾವಿನಿಂದ. ನೂರೊಂದು ವರ್ಷದ ಸೆಂಚುರಿ ಗೌಡ ಬೀದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬೈದು, ಎದ್ದು ನಾಲ್ಕು ಹೆಜ್ಜೆ ಹಾಕಿ ಸಾಯುತ್ತಾನೆ. ಉಳಿದದ್ದೆಲ್ಲ ಹನ್ನೊಂದನೇ ದಿನದ ತಿಥಿಯವರೆಗಿನ ಗಡಿಬಿಡಿ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಆತುರ, ಅದಕ್ಕಾಗಿ ಬದುಕಿರುವ ಅಪ್ಪ ಗಡ್ಡಪ್ಪನನ್ನೇ ಕಾಗದದ ಮೇಲೆ ಸಾಯಿಸುವ ಉಪಾಯ. ಮರಿಮಗ ಅಭಿಗೆ ಕುರಿ ಕಾಯುವ ಹುಡುಗಿಯ ಹಿಂದೆ ಬೀಳುವ ಕೆಲಸ. ಹೊಸದಾಗಿ ನೋಡಿದಾಗ ನಾವು ತಮ್ಮಣ್ಣನ ಉಪಾಯವನ್ನು ಹಿಂಬಾಲಿಸುತ್ತೇವೆ. ಮತ್ತೆ ನೋಡಿದಾಗ ಅದನ್ನು ಬಿಟ್ಟು ಹಿಂದೆ ನಿಂತವರನ್ನು ನೋಡಲು ಪುರುಸೊತ್ತು ಸಿಗುತ್ತದೆ: ಊಟಕ್ಕೆ ಎಷ್ಟು ಜನ, ಮಾಂಸ ಎಷ್ಟು ಬೇಕು ಅಂತ ಲೆಕ್ಕ ಹಾಕುವವರು, ಬಡ್ಡಿಗೆ ಸಾಲ ಕೊಡುವವರು, ಸುಮ್ಮನೆ ಜಗಲಿಯಲ್ಲಿ ಕೂತವರು. ಗಡ್ಡಪ್ಪ ಕುರಿಗಾಹಿಗಳ ಮುಂದೆ ತನ್ನ ಮನೆಯ ಹಳೇ ಕಥೆ ಹೇಳುವ ದೃಶ್ಯ ಇದೆಯಲ್ಲ, ಅಲ್ಲಿ ದನಿ ಏರುವುದಿಲ್ಲ, ಸಂಗೀತ ಬಂದು ‘ಈಗ ಅಳಿ’ ಅನ್ನುವುದಿಲ್ಲ. ಅವನು ಯಾಕೆ ಹಾಗೆ ಅಲೆಯುತ್ತಾನೆ ಅಂತ ತಿಳಿದ ಮೇಲೆ, ಆರಂಭದಲ್ಲಿ ಅವನು ನಡೆದು ಹೋಗುವುದನ್ನು ನಗುತ್ತಾ ನೋಡಲಾಗುವುದಿಲ್ಲ. ರಾಮ್ ರೆಡ್ಡಿಗೆ ಇದು ಮೊದಲ ಚಿತ್ರ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದದ್ದರಲ್ಲಿ ಆಶ್ಚರ್ಯವಿಲ್ಲ. ಅಷ್ಟೊಂದು ಬೈಗುಳ ಇರುವ ಸಿನಿಮಾವನ್ನು ಅಮ್ಮ ಪೂರ್ತಿ ಕೂತು ನೋಡಿದ್ದೇ ಆಶ್ಚರ್ಯ.

ಈ ಜೋಡಿಯಲ್ಲಿ ನನ್ನ ಮಟ್ಟಿಗೆ ‘ತಿಥಿ’ ಮುಂದೆ. ‘ಕಸ್ತೂರಿ ನಿವಾಸ’ ನೋಡಲು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ‘ತಿಥಿ’ಯನ್ನು ಯಾವ ದೃಶ್ಯದಿಂದ ಹಾಕಿದರೂ ನಡೆಯುತ್ತದೆ.

ಇನ್ನು ಗುಟ್ಟಿನ ಮೇಲೆ ನಿಂತ ಚಿತ್ರಗಳು. ಮೂರೂ ಸುನಿಲ್ ಕುಮಾರ್ ದೇಸಾಯಿಯವರದ್ದೇ, ಬೇಕೆಂದೇ ಆರಿಸಿದ್ದು. ‘ತರ್ಕ’ (1989) ಅವರ ಮೊದಲ ಚಿತ್ರ, ಹಾಡೇ ಇಲ್ಲ. ‘ನಿಷ್ಕರ್ಷ’ (1993)ದಲ್ಲೂ ಹಾಡಿಲ್ಲ. ಕಥೆ ಮಣಿಪಾಲದ ಒಂದು ದೊಡ್ಡ ಕಟ್ಟಡದಲ್ಲಿ, ಒಳಗೆ ಬ್ಯಾಂಕ್ ದರೋಡೆಕೋರರು ಮತ್ತು ಒತ್ತೆಯಾಳುಗಳು, ಹೊರಗೆ ಪೊಲೀಸರು, ನಡುವೆ ಕಮಾಂಡೊ ವಿಷ್ಣುವರ್ಧನ್. ನೋಡುವಾಗ ಉಸಿರು ಬಿಗಿ ಹಿಡಿಸುತ್ತದೆ, ನಿಜ. ಆದರೆ ಯಾರು ಉಳಿಯುತ್ತಾರೆ ಅಂತ ಗೊತ್ತಾದ ಮೇಲೆ ಬಿಗಿ ಅರ್ಧ ಸಡಿಲ. ಹುಡುಗಿ ಮಾತ್ರ ಮೊಬೈಲು ಕೆಳಗಿಟ್ಟು ನೋಡಿದ್ದು ಇದನ್ನೇ. ನಾನು ಮಧ್ಯೆ ಎದ್ದು ಕಾಫಿ ಮಾಡಿಕೊಂಡು ಬಂದೆ.

‘ತರ್ಕ’ ಹಾಗಲ್ಲ. ರಾತ್ರಿ ಒಂದು ಮನೆಗೆ ಅಪರಿಚಿತ ಬರುತ್ತಾನೆ, ಅಲ್ಲಿ ಒಂದು ಹೆಣ, ಪಕ್ಕದಲ್ಲಿ ಹೆಂಡತಿ. ಅಲ್ಲಿಂದ ಮುಂದೆ ಯಾರ ಮಾತನ್ನು ನಂಬಬೇಕು ಅನ್ನುವುದೇ ಕಥೆ. ಗುಟ್ಟು ತಿಳಿದವರಿಗೆ ಇದು ಬೇರೆಯೇ ಸಿನಿಮಾ. ಸುಳ್ಳು ಹೇಳುವವರು ಯಾರು ಅಂತ ಹುಡುಕುವುದು ಮುಗಿದಿರುತ್ತದೆ. ಸುಳ್ಳನ್ನು ಎಷ್ಟು ಚೆನ್ನಾಗಿ ಹೇಳುತ್ತಾರೆ, ಎಲ್ಲಿ ತಡವರಿಸುತ್ತಾರೆ ಅಂತ ನೋಡುವ ಸುಖ ಶುರುವಾಗುತ್ತದೆ. ಶಂಕರ್ ನಾಗ್ ಕಣ್ಣಿನ ಮೇಲೆ ಗಮನ ಇಡಿ, ಇಷ್ಟೇ ಹೇಳಬಲ್ಲೆ.

‘ಬೆಳದಿಂಗಳ ಬಾಲೆ’ (1995) ಈ ಮೂರರಲ್ಲಿ ನನಗೆ ಎಲ್ಲಕ್ಕಿಂತ ಮೇಲು. ಯಂಡಮೂರಿ ವೀರೇಂದ್ರನಾಥ್ ಅವರ ತೆಲುಗು ಕಾದಂಬರಿಯಿಂದ ಬಂದ ಕಥೆ. ಚೆಸ್ ಗ್ರ್ಯಾಂಡ್‌ಮಾಸ್ಟರ್ ರೇವಂತನಿಗೆ ಒಬ್ಬಳು ಫೋನ್ ಮಾಡುತ್ತಾಳೆ, ತನ್ನನ್ನು ಹುಡುಕು ಅಂತ ಸವಾಲು ಹಾಕುತ್ತಾಳೆ. ಅವಳ ಮುಖ ನಮಗೆ ಕೊನೆಯವರೆಗೂ ಕಾಣುವುದಿಲ್ಲ. ‘ಚಿಕ್ಕಪ್ಪ, ನಂಬರ್ ಕಾಣಿಸಲ್ವಾ?’ ಅಂತ ಹುಡುಗಿ ಕೇಳಿದಳು. ಕಾಣಿಸುತ್ತಿರಲಿಲ್ಲ ಕಣೇ, ಅದಕ್ಕೇ ಈ ಸಿನಿಮಾ ಸಾಧ್ಯವಾದದ್ದು. ಇಡೀ ಚಿತ್ರದ ಅರ್ಧ ಭಾರ ಹೊತ್ತಿರುವುದು ಮಂಜುಳಾ ಗುರುರಾಜ್ ಅವರ ದನಿ. ಕಥೆ ಗೊತ್ತಿಲ್ಲದೆ ಕೇಳಿದಾಗ ಆ ನಗುವಿನಲ್ಲಿ ತುಂಟತನ ಮಾತ್ರ ಇತ್ತು. ಅವಳಿಗೆ ಇರುವ ಸಮಯ ಕಡಿಮೆ ಅಂತ ಗೊತ್ತಿದ್ದು ಕೇಳಿದಾಗ, ಅದೇ ನಗುವಿನ ತುದಿಯಲ್ಲಿ ಒಂದು ಅವಸರ ಕೇಳಿಸುತ್ತದೆ. ರಿಸೀವರ್ ಹಿಡಿದ ಅನಂತ್ ನಾಗ್ ಮುಖದಲ್ಲಿ ಮೊದಲು ಕಿರಿಕಿರಿ, ಆಮೇಲೆ ಕುತೂಹಲ, ಆಮೇಲೆ ಫೋನ್ ಯಾಕೆ ಬರಲಿಲ್ಲ ಅನ್ನುವ ಕಾತರ. ಎದುರಿಗೆ ಪಾತ್ರಧಾರಿಯೇ ಇಲ್ಲದೆ ಇಷ್ಟನ್ನು ಮಾಡಿದ್ದಾರೆ. ಕುಂದೂ ಇದೆ: ಮಧ್ಯದಲ್ಲಿ ಹುಡುಕಾಟ ಸ್ವಲ್ಪ ಎಳೆದ ಹಾಗಾಗುತ್ತದೆ, ಸುಳಿವುಗಳು ಬುದ್ಧಿವಂತಿಕೆ ಪ್ರದರ್ಶನಕ್ಕೆ ಇಟ್ಟ ಹಾಗಿವೆ.

ಅದೇ ಅನಂತ್ ನಾಗ್ ಐದು ವರ್ಷ ಮುಂಚೆ ‘ಗಣೇಶನ ಮದುವೆ’ (1990)ಯಲ್ಲಿ ಮುಖ ಕಾಣದವಳನ್ನೇ ಪ್ರೀತಿಸಿದ್ದರು. ಅಲ್ಲಿ ಫೋನಿಲ್ಲ, ಕಾಗದ. ಒಂದೇ ವಠಾರದಲ್ಲಿ ಎದುರಾದರೆ ಜಗಳ, ಕಾಗದದಲ್ಲಿ ಪ್ರೇಮ, ಬರೆಯುತ್ತಿರುವುದು ಯಾರಿಗೆ ಅಂತ ಇಬ್ಬರಿಗೂ ಗೊತ್ತಿಲ್ಲ. ಫಣಿ ರಾಮಚಂದ್ರ ಅವರ ಈ ಚಿತ್ರಕ್ಕೆ ಕೊನೆ ಗೊತ್ತಿರುವುದೇ ಲಾಭ. ಇಲ್ಲಿ ಕತ್ತಲಲ್ಲಿ ಇರುವುದು ಪಾತ್ರಗಳು, ನಾವಲ್ಲ. ಗಣೇಶ ಅವಳ ಮೇಲೆ ರೇಗಿದಷ್ಟೂ ನಮಗೆ ನಗು ಹೆಚ್ಚು. ವಠಾರದ ಮಾಲೀಕ ರಮಣಮೂರ್ತಿಯಾಗಿ ಮುಖ್ಯಮಂತ್ರಿ ಚಂದ್ರು ಬಾಯಿ ತೆರೆಯುವ ಮುಂಚೆಯೇ ಅಮ್ಮ ಅವರ ಡೈಲಾಗ್ ಹೇಳಿ ಮುಗಿಸಿರುತ್ತಾರೆ. ಕ್ಯಾಮರಾ ಕೆಲಸದಲ್ಲಿ ವಿಶೇಷವೇನಿಲ್ಲ, ಕೆಲವು ಕಡೆ ನಾಟಕ ನೋಡಿದ ಹಾಗಿದೆ. ಆದರೂ ಅಡುಗೆಮನೆಗೆ ಹೋಗಿ ಬಂದರೂ ಏನೂ ತಪ್ಪಿಹೋಗದ, ಹಾಗಿದ್ದೂ ಎದ್ದು ಹೋಗಲು ಮನಸ್ಸಾಗದ ಸಿನಿಮಾ ಇದೊಂದೇ.

‘ಉಳಿದವರು ಕಂಡಂತೆ’ (2014)ಗೆ ಮತ್ತೆ ನೋಡುವುದು ಆಯ್ಕೆಯಲ್ಲ, ಅಗತ್ಯ. ಮಲ್ಪೆಯಲ್ಲಿ ನಡೆದ ಒಂದು ಘಟನೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುವ ಅಧ್ಯಾಯಗಳು. ಥಿಯೇಟರಿನಲ್ಲಿ ನೋಡಿದಾಗ ಅಜನೀಶ್ ಲೋಕನಾಥ್ ಸಂಗೀತ, ಹುಲಿವೇಷದ ಅಬ್ಬರ, ರಕ್ಷಿತ್ ಶೆಟ್ಟಿಯ ರಿಚ್ಚಿ ತಲೆಯಲ್ಲಿ ಉಳಿದರು, ಕಥೆಯ ಎಳೆ ಉಳಿಯಲಿಲ್ಲ. ಈಗ ಎಳೆಗಳೂ ಕೂಡಿಕೊಂಡವು. ತಾರಾ ಅವರ ತಾಯಿಯ ಭಾಗ ಆಗ ಅಡ್ಡ ಕಥೆಯಂತೆ ಕಂಡದ್ದು, ಈಗ ಅದೇ ನಡುಮನೆ ಅನ್ನಿಸಿತು. ಎಳೆಗಳು ಸಿಕ್ಕಿಯಾದ ಮೇಲೆ ಮೂರನೇ ಸಲಕ್ಕೆ ಸಂಗೀತವೊಂದೇ ಕರೆಯುತ್ತದೆ, ಆ ನಿಧಾನವನ್ನು ತಾಳಿಕೊಳ್ಳುವಷ್ಟು ಕಥೆ ಉಳಿದಿರುವುದಿಲ್ಲ.

ಹಾಗಾಗಿ ನನ್ನ ಸಾಲು ಹೀಗೆ: ‘ಗಣೇಶನ ಮದುವೆ’, ‘ತಿಥಿ’, ‘ಬೆಳದಿಂಗಳ ಬಾಲೆ’, ಆಮೇಲೆ ‘ತರ್ಕ’, ‘ಕಸ್ತೂರಿ ನಿವಾಸ’. ಉಳಿದೆರಡು ಹಿಂದೆ. ಅಮ್ಮನಿಗೆ ರಾಜ್‌ಕುಮಾರ್ ಐದನೇ ಜಾಗದಲ್ಲಿರುವ ಪಟ್ಟಿ ಪಟ್ಟಿಯೇ ಅಲ್ಲ. ‘ಘಟಶ್ರಾದ್ಧ’ (1977) ಎಲ್ಲಿ ಅಂತ ಯಾರಾದರೂ ಕೇಳಬಹುದು. ಇವೆಲ್ಲಕ್ಕಿಂತ ದೊಡ್ಡ ಚಿತ್ರ ಅದು, ಒಪ್ಪುತ್ತೇನೆ. ಆದರೆ ಬಹಿಷ್ಕಾರಕ್ಕೆ ಒಳಗಾದ ವಿಧವೆ ಯಮುನಾ ಕೊನೆಗೆ ಆ ಮರದ ಕೆಳಗೆ ಕೂತಿರುವುದನ್ನು ಚಹಾ ಕುಡಿಯುತ್ತಾ ಟಿವಿಯಲ್ಲಿ ನೋಡಲು ನನ್ನಿಂದಾಗದು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ ಹೊಸ ಪ್ರತಿ ಇಲ್ಲಿ ದೊಡ್ಡ ಪರದೆಗೆ ಬಂದರೆ ಟಿಕೆಟ್ ತೆಗೆದುಕೊಂಡು ಒಬ್ಬನೇ ಹೋಗುತ್ತೇನೆ.