ಮಂಡಿ ಆಫೀಸಿನ ಸರ್ವರ್ ಲೈನು: ವೈಫೈ, ತಾಮ್ರ, ಫೈಬರ್ ಮೂರನ್ನೂ ಹಾಕಿ ನೋಡಿದ್ದು

ಸಾಗರದ ನಮ್ಮ ಅಡಿಕೆ ಮಂಡಿಯಲ್ಲಿ ಸರ್ವರ್ ಇರುವುದು ಮುಂದಿನ ಆಫೀಸಿನಲ್ಲಿ. ತೂಕದ ಚೀಟಿ ಹಾಕುವ ಎರಡು ಕಂಪ್ಯೂಟರ್ ಹಿಂದಿನ ಗೋಡೌನಿನಲ್ಲಿ. ನಡುವೆ ಅಂಗಳ. ವೈರು ಬಳಸಿಕೊಂಡು ಹೋದರೆ 70 ಮೀಟರ್. ಜೂನ್‌ನಲ್ಲಿ ಮಳೆ ಹಿಡಿದದ್ದೇ ತಡ, ಹಿಂದಿನಿಂದ ಒಂದೇ ಕೂಗು: "ಸರ್ವರ್ ಹೋಯ್ತು ಮಾರಾಯ್ರೆ!" ಐದು ನಿಮಿಷಕ್ಕೆ ತಾನೇ ಬರುತ್ತಿತ್ತು. ಅಷ್ಟರಲ್ಲಿ ತಕ್ಕಡಿ ಮೇಲೆ ಮೂಟೆ, ಪಕ್ಕದಲ್ಲಿ ಮುಖ ಗಂಟು ಹಾಕಿಕೊಂಡ ಬೆಳೆಗಾರರು.

ನಾನೂ ಮೊದಲು ಸರ್ವರನ್ನೇ ಬೈದೆ. ಎರಡು ಸಲ ರೀಸ್ಟಾರ್ಟ್ ಮಾಡಿದ್ದೂ ಆಯ್ತು. ಆಮೇಲೆ ಬುದ್ಧಿ ಬಂತು. ಮುಂದಿನ ಒಂದು, ಹಿಂದಿನ ಎರಡು, ಮೂರೂ ಕಂಪ್ಯೂಟರಿನಿಂದ ಸರ್ವರಿಗೆ ಬಿಡದೆ ಪಿಂಗ್ ("ಇದ್ದೀಯಾ?" ಅಂತ ಕೇಳಿ, ಉತ್ತರ ಬರಲು ಎಷ್ಟು ಹೊತ್ತಾಯ್ತು ಎಂದು ಅಳೆಯುವ ಪರೀಕ್ಷೆ) ಹಾಕಿ ಅರ್ಧ ದಿನ ಬಿಟ್ಟೆ. ಮುಂದಿನದು ಒಮ್ಮೆಯೂ ತಪ್ಪಲಿಲ್ಲ. ಹಿಂದಿನವು ಒಟ್ಟಿಗೇ ಬಿದ್ದು ಒಟ್ಟಿಗೇ ಎದ್ದವು. ಗೋಡೌನಿನ ನೆಟ್‌ವರ್ಕ್ ಸ್ವಿಚ್ (ಕಂಪ್ಯೂಟರ್ ವೈರುಗಳೆಲ್ಲ ಬಂದು ಸೇರುವ ಪೆಟ್ಟಿಗೆ) ಬದಲಿಸಿದರೂ ಅದೇ ಕಥೆ. ಉಳಿದದ್ದು ವೈರು. ಮನೆಯೊಳಗೆ ಹಾಕುವ ವೈರನ್ನು ಯಾರೋ ಸೂರಿನಡಿ ಎಳೆದು, ಮಧ್ಯೆ ಟೇಪು ಸುತ್ತಿ ಜಾಯಿಂಟ್ ಮಾಡಿದ್ದರು. ಬಿಚ್ಚಿದರೆ ಒಳಗೆ ನೀರು, ಹಸಿರು ಕಿಲುಬು.

ಮೊದಲು ಸುಲಭದ್ದು ಅಂತ ವೈಫೈ ಸಿಗ್ನಲನ್ನು ಮುಂದಕ್ಕೆ ದಾಟಿಸುವ ರಿಪೀಟರ್ ಹಾಕಿದೆ. ಗೋಡೌನಿನ ಗೋಡೆ ಜಂಬಿಟ್ಟಿಗೆಯದ್ದು, ಒಂದೂವರೆ ಅಡಿ ದಪ್ಪ. ವೈಫೈಯ ಎರಡು ಬ್ಯಾಂಡಿನಲ್ಲಿ 5 ಗಿಗಾಹರ್ಟ್ಸಿನದ್ದು ಅಲ್ಲಿಗೇ ಸತ್ತಿತು. 2.4ರಲ್ಲಿ ಸಿಗ್ನಲ್ ಸಿಕ್ಕಿತು, ಆದರೆ ಪಿಂಗ್ ಒಮ್ಮೆ 3 ಮಿಲಿಸೆಕೆಂಡ್, ಒಮ್ಮೆ 200. ವಾಟ್ಸಾಪಿಗೆ ಅದು ಸಾಕು. ಸರ್ವರಿನ ಫೈಲು ತೆರೆದಿಟ್ಟುಕೊಂಡು ಕೆಲಸ ಮಾಡುವ ಲೆಕ್ಕದ ಸಾಫ್ಟ್‌ವೇರಿಗೆ ಸಾಲದು. ನಾಲ್ಕೇ ದಿನಕ್ಕೆ ಬಿಟ್ಟೆ.

ಆಮೇಲೆ ತಾಮ್ರ. ಹೊರಗೆ ಹಾಕುವ ಕಪ್ಪು ಹೊದಿಕೆಯ ಕ್ಯಾಟ್ 6 ನೆಟ್‌ವರ್ಕ್ ವೈರು. ತಾಮ್ರದ ಲೈನಿಗೆ 100 ಮೀಟರ್ ಮಿತಿ, ನಮ್ಮದು ಅದರೊಳಗೇ. ಕಡಿಮೆ ಬೆಲೆಯದ್ದರಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಇರುತ್ತದೆ. ತುದಿ ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ಬೇಡ ಅನ್ನಿ. ನಮ್ಮ ಲೈನು ಚೆನ್ನಾಗಿಯೇ ಓಡಿತು, ಪಿಂಗ್ 1 ಮಿಲಿಸೆಕೆಂಡ್ ದಾಟಲಿಲ್ಲ. ಆದರೆ ಒಂದು ಸಂಜೆ ಗುಡುಗು ಸಿಡಿಲು ಬಂತು. ಬೆಳಿಗ್ಗೆ ನೋಡಿದರೆ ಎರಡೂ ತುದಿಯ ಸ್ವಿಚ್ಚಿನಲ್ಲಿ ಆ ಲೈನು ಚುಚ್ಚುವ ಪೋರ್ಟೇ ಸುಟ್ಟಿತ್ತು. ಸಿಡಿಲು ಎಲ್ಲೋ ಬಿದ್ದರೂ ಎರಡು ಕಟ್ಟಡದ ನಡುವಿನ ತಾಮ್ರಕ್ಕೆ ಏಟು ತಗಲುತ್ತದೆ. ಮಲೆನಾಡಿನಲ್ಲಿ ಇದು ವರ್ಷವರ್ಷದ ಕಾಟ, ಅಲ್ವಾ? ಒಂದೇ ಕಟ್ಟಡದೊಳಗಾದರೆ ನಾನು ಈಗಲೂ ತಾಮ್ರವನ್ನೇ ಹಾಕುತ್ತೇನೆ. ಅಂಗಳ ದಾಟಬೇಕಾದರೆ ಬೇಡ.

ಕೊನೆಗೆ ಫೈಬರ್. ಗಾಜಿನ ಎಳೆ, ಕರೆಂಟು ಹರಿಯುವ ಮಾತೇ ಇಲ್ಲ. ಎರಡು ತುದಿಗೆ ಎರಡು ಮೀಡಿಯಾ ಕನ್ವರ್ಟರ್, ಅಂದರೆ ವೈರಿನ ಸಿಗ್ನಲನ್ನು ಬೆಳಕಾಗಿ, ಬೆಳಕನ್ನು ಮತ್ತೆ ಸಿಗ್ನಲ್ಲಾಗಿ ಬದಲಿಸುವ ಪೆಟ್ಟಿಗೆ. ಇವು ಜೋಡಿಯಾಗಿ ಬರುತ್ತವೆ: ಎ ಪೆಟ್ಟಿಗೆ 1310 ನ್ಯಾನೊಮೀಟರಿನ ಬೆಳಕು ಕಳಿಸಿದರೆ ಬಿ ಅದನ್ನು ಹಿಡಿದು 1550ರದ್ದು ಕಳಿಸುತ್ತದೆ. ನಾನು ಅವಸರದಲ್ಲಿ ಎರಡೂ ಎ ತಂದು, ದೀಪ ಹತ್ತದೆ ಒಂದಿಡೀ ಮಧ್ಯಾಹ್ನ ತಲೆ ಕೆಡಿಸಿಕೊಂಡೆ. ಇನ್ನೊಂದು ಗಮನಿಸಿ: ಫೈಬರಿನ ಜೊತೆ ತೂಗುಹಾಕಲು ಉಕ್ಕಿನ ತಂತಿ ಇದ್ದರೆ ಸಿಡಿಲಿಗೆ ಮತ್ತೆ ದಾರಿ ಮಾಡಿಕೊಟ್ಟ ಹಾಗೆ. ನಾನು ಲೋಹ ಇಲ್ಲದ್ದನ್ನೇ ಹುಡುಕಿ ತಂದೆ. ಇದಕ್ಕೂ ತೊಂದರೆ ಇಲ್ಲವೆಂದಲ್ಲ. ತುಂಡಾದರೆ ಜೋಡಿಸಲು ಮಷಿನ್ ಇರುವವರೇ ಬರಬೇಕು. ಕರೆಂಟು ಹೋದಾಗ ಕನ್ವರ್ಟರುಗಳೂ ಯುಪಿಎಸ್ ಮೇಲಿರಬೇಕು.

ಫೈಬರ್ ಬಂದ ಮೇಲೂ ಒಂದು ಕಂಪ್ಯೂಟರ್ ಮಾತ್ರ ಟೀ ಮುಗಿಸಿ ಬಂದಾಗಲೆಲ್ಲ ಸಂಪರ್ಕ ಬಿಟ್ಟಿರುತ್ತಿತ್ತು. ಅದು ಲೈನಿನ ತಪ್ಪಲ್ಲ. ನೆಟ್‌ವರ್ಕ್ ಕಾರ್ಡಿನ ಪವರ್ ಸೇವಿಂಗ್ ಟಿಕ್ ತೆಗೆದೆ, ಸರಿಹೋಯ್ತು. ತಾಮ್ರದ ವೈರನ್ನು ಹಾಗೇ ಬಿಟ್ಟಿದ್ದೇನೆ, ಎರಡೂ ತುದಿ ಕಿತ್ತು. ಫೈಬರ್ ತುಂಡಾದ ದಿನ ಚುಚ್ಚಿಕೊಳ್ಳಬಹುದು, ಆಕಾಶ ನೋಡಿಕೊಂಡು.