ಇಸಬ್ಗೋಲ್, ಲ್ಯಾಕ್ಟುಲೋಸ್, ತ್ರಿಫಲ: ನನ್ನ ಹೊಟ್ಟೆ ಕೊಟ್ಟ ಅಂಕ

ಮಲಬದ್ಧತೆಗೆ ಮದ್ದು ಹೇಳುವವರಿಗೆ ಮಂಡ್ಯದಲ್ಲಿ ಬರವಿಲ್ಲ. ಪಕ್ಕದ ಮನೆಯವರು ಹರಳೆಣ್ಣೆ ಎನ್ನುತ್ತಾರೆ, ಸಹೋದ್ಯೋಗಿ ಪರಂಗಿ ಹಣ್ಣು ಎನ್ನುತ್ತಾರೆ, ಔಷಧಿ ಅಂಗಡಿಯವರು ಕೇಳುವ ಮೊದಲೇ ಸಿರಪ್ ಎತ್ತಿಡುತ್ತಾರೆ. ತೆಗೆದುಕೊಂಡ ಮೇಲೆ ಎಷ್ಟು ಹೊತ್ತಿಗೆ ಕರೆ ಬರುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಬೆಳಗಿನ ರೈಲು ಹಿಡಿದು ಮೈಸೂರಿಗೆ ಕೆಲಸಕ್ಕೆ ಹೋಗುವ ನನಗೆ ಬೇಕಾದದ್ದು ಅದೇ. ಗಾಡಿ ಶ್ರೀರಂಗಪಟ್ಟಣ ದಾಟುವಾಗ ಹೊಟ್ಟೆ ತಿರುಚಿದರೆ ಮದ್ದಿನ ಉಳಿದ ಗುಣಗಳನ್ನು ಕಟ್ಟಿಕೊಂಡು ಏನು ಮಾಡಲಿ? ಹಾಗಾಗಿ ನನ್ನ ಹೋಲಿಕೆಯಲ್ಲಿ ಶಕ್ತಿಗಿಂತ ಹೊತ್ತಿಗೆ ಹೆಚ್ಚು ಅಂಕ.

ಮೊದಲ ಸ್ಥಾನ ಇಸಬ್ಗೋಲಿಗೆ. ಇದು ಗುಜರಾತ್, ರಾಜಸ್ಥಾನದ ಕಡೆ ಬೆಳೆಯುವ ಒಂದು ಗಿಡದ ಬೀಜದ ಹೊಟ್ಟು. ನೀರು ಹೀರಿ ಉಬ್ಬಿ, ಮಲವನ್ನು ಮೆತ್ತಗೆ ಮಾಡಿ ಗಾತ್ರ ಕೊಡುತ್ತದೆ, ಕರುಳನ್ನು ಕೆರಳಿಸುವುದಿಲ್ಲ, ಹಾಗಾಗಿ ರೈಲಿನಲ್ಲಿ ಹಠಾತ್ತನೆ ಹೊಟ್ಟೆ ತಿರುಚುವ ಭಯ ಕಡಿಮೆ. ದೊಡ್ಡ ಲೋಟ ನೀರಿಗೆ ಹಾಕಿ ಕದಡಿದ ತಕ್ಷಣ ಕುಡಿದುಬಿಡಬೇಕು. ಫೋನ್ ಬಂತೆಂದು ಲೋಟ ಕೆಳಗಿಟ್ಟರೆ ಮುಗಿಯಿತು, ಚಮಚ ನಿಲ್ಲುವಷ್ಟು ದಪ್ಪ ಲೋಳೆ, ಗಂಟಲಿಗೆ ಇಳಿಯುವುದೇ ಇಲ್ಲ. ಫಲ ಕಾಣಲು 12ರಿಂದ 72 ಗಂಟೆ ಹಿಡಿಯುತ್ತದೆ. ಆದ್ದರಿಂದ ಇವತ್ತು ಕಟ್ಟಿದ ಹೊಟ್ಟೆಗೆ ಇದು ಇವತ್ತೇ ಉತ್ತರವಲ್ಲ. ಶುರುವಿನಲ್ಲಿ ಹೊಟ್ಟೆ ಉಬ್ಬರಿಸುತ್ತದೆ. ಒಂದು ಟೀ ಚಮಚದಿಂದ ಆರಂಭಿಸಿ ನಿಧಾನವಾಗಿ ಏರಿಸಿದರೆ ಅದು ತಗ್ಗುತ್ತದೆ. ನೀರು ಕಡಿಮೆಯಾದರೆ ಮಾತ್ರ ಉಪಕಾರದ ಬದಲು ಅಪಕಾರ, ಒಳಗೇ ಗಟ್ಟಿಯಾಗಿ ಕೂರುತ್ತದೆ. ನುಂಗಲು ತೊಂದರೆ ಇರುವವರು ಇದರ ತಂಟೆಗೆ ಹೋಗಬಾರದು. ಬೇರೆ ಮಾತ್ರೆಗಳಿಗೂ ಇದಕ್ಕೂ ಒಂದೆರಡು ಗಂಟೆ ಅಂತರವಿರಲಿ.

ಲ್ಯಾಕ್ಟುಲೋಸ್ ಸಿರಪ್ ಒಂದೆರಡು ದಿನದಲ್ಲಿ ಕೆಲಸ ಮಾಡುತ್ತದೆ, ತಿಣುಕುವುದನ್ನೂ ತಪ್ಪಿಸುತ್ತದೆ. ಆದರೆ ಇದು ನಾವು ಜೀರ್ಣಿಸಿಕೊಳ್ಳಲಾಗದ ಸಕ್ಕರೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುತ್ತವೆ, ವಾಯು ಹುಟ್ಟುತ್ತದೆ. ಕಿಕ್ಕಿರಿದ ಮಹಿಳಾ ಬೋಗಿಯಲ್ಲಿ ಅದರ ಪರಿಣಾಮವನ್ನು ವಿವರಿಸುವ ಅಗತ್ಯವಿಲ್ಲ. ಇದರ ಎದುರಾಳಿ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಅದೂ ನೀರನ್ನು ಕರುಳಿನಲ್ಲಿ ಹಿಡಿದಿಟ್ಟುಕೊಂಡೇ ಕೆಲಸ ಮಾಡುತ್ತದೆ, ಆದರೆ ಹುದುಗುವುದಿಲ್ಲ, ಉಬ್ಬರ ಕಡಿಮೆ, ಅಂಟು ಸಿಹಿಯೂ ಇಲ್ಲ. ಇವೆರಡರ ನಡುವೆ ನನ್ನ ಮತ ಕಣ್ಣು ಮುಚ್ಚಿ ಪುಡಿಗೆ.

ತ್ರಿಫಲದ ಬಗ್ಗೆ ನನಗೆ ಗೌರವವಿದೆ, ಭರವಸೆ ಕಡಿಮೆ. ನೆಲ್ಲಿಕಾಯಿ, ತಾರೆಕಾಯಿ, ಅಳಲೆಕಾಯಿಗಳ ಚೂರ್ಣವನ್ನು ಮೈಸೂರಿನ ಗ್ರಂಧಿಗೆ ಅಂಗಡಿಯಿಂದ ತಂದು ರಾತ್ರಿ ಬಿಸಿನೀರಿನಲ್ಲಿ ಕುಡಿದೆ. ಬಾಯೆಲ್ಲ ಒಗರು. ಒಂದು ಪೊಟ್ಟಣ ಹಿತವಾಗಿ ಕೆಲಸ ಮಾಡಿತು, ಮುಂದಿನದಕ್ಕೆ ಹೊಟ್ಟೆ ಮಿಸುಕಲಿಲ್ಲ. ‘ಹೊಟ್ಟೆ ಸಾಫ್’ ಎಂದು ಮಾರುವ ಚೂರ್ಣಗಳ ಕಥೆ ಬೇರೆ. ಅವುಗಳಲ್ಲಿ ಎಷ್ಟೋ ಸೋನಾಮುಖಿ (ಸೆನ್ನಾ) ಎಲೆಯ ಬಲದ ಮೇಲೆ ನಡೆಯುತ್ತವೆ. ಗಿಡಮೂಲಿಕೆಯಾದರೂ ಅದು ಕರುಳನ್ನು ಕೆರಳಿಸುವ ಜಾತಿಯದೇ. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ ಕೊಳ್ಳಬೇಕು.

ಅದೇ ಜಾತಿಯ ಬಿಸಾಕೊಡಿಲ್ ಮಾತ್ರೆ 6ರಿಂದ 12 ಗಂಟೆಯೊಳಗೆ ಖಂಡಿತ ಕೆಲಸ ಮಾಡುತ್ತದೆ, ಬಳಲಿದ ಎತ್ತಿಗೆ ಬಾರುಕೋಲು ಬೀಸಿದ ಹಾಗೆ. ಶನಿವಾರ ರಾತ್ರಿಗೆ ಸರಿ, ವಾರದ ದಿನಗಳಿಗೆ ಅಲ್ಲ. ಹಾಲಿನೊಂದಿಗೆ ನುಂಗಬಾರದು, ಹೊರಕವಚ ಹೊಟ್ಟೆಯಲ್ಲೇ ಕರಗಿ ಉರಿ ಏಳುತ್ತದೆ. ಹರಳೆಣ್ಣೆ ಇನ್ನೂ ಅವಸರದ್ದು, ನುಲಿತವೂ ಹೆಚ್ಚು. ಗರ್ಭಿಣಿಯರಿಗಂತೂ ಕೂಡದು.

ಇನ್ನು ಊಟ. ಮುದ್ದೆ ಉಣ್ಣುವವರಿಗೆ ಈ ಕಾಯಿಲೆ ಬರುವುದಿಲ್ಲ ಎಂಬ ನಮ್ಮೂರಿನ ಹೆಮ್ಮೆಯನ್ನು ನಾನು ಒಪ್ಪುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ನಿಜ. ರಾತ್ರಿ ಮುದ್ದೆ, ಸೊಪ್ಪಿನ ಬಸ್ಸಾರು ಉಂಡು ಬೆಳಗ್ಗೆ ರೈಲಿನ ಗಡಿಬಿಡಿಯಲ್ಲಿ ಕರೆಯನ್ನು ತಡೆದುಕೊಂಡರೆ ಆ ನಾರು ಏನು ಮಾಡೀತು? ಹೊಟ್ಟೆಗೆ ಬಿಸಿ ಕಾಫಿ, ತಿಂಡಿ ಬಿದ್ದಾಗ ದೊಡ್ಡ ಕರುಳು ತಾನಾಗಿ ಚಲಿಸುತ್ತದೆ. ತಡೆದಷ್ಟೂ ಮಲದ ನೀರು ಹೀರಿಹೋಗಿ ಗಟ್ಟಿಯಾಗುತ್ತದೆ. ಅರ್ಧ ಗಂಟೆ ಬೇಗ ಎದ್ದು ಕಾಫಿ ಕುಡಿದು, ಕಮೋಡಿನ ಮುಂದೆ ಪಾದಗಳಡಿ ಮಣೆ ಇಟ್ಟು ಮುಂದಕ್ಕೆ ಬಾಗಿ ಕೂತದ್ದು ನನಗೆ ಸಿರಪ್‌ಗಿಂತ ಹೆಚ್ಚು ಕೊಟ್ಟಿತು. ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ಗುದನಾಳವನ್ನು ಬಾಗಿಸಿ ಹಿಡಿದಿರುವ ಸ್ನಾಯು ಸಡಿಲಗೊಳ್ಳುತ್ತದೆ. ಹಳೆಯ ಕುಕ್ಕರುಗಾಲಿನ ಪಾಯಿಖಾನೆಯಲ್ಲಿ ಇದು ಪುಕ್ಕಟೆಯಾಗಿ ಸಿಗುತ್ತಿತ್ತು.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಡುವಯಸ್ಸಿನಲ್ಲಿ ಹೊಸದಾಗಿ ಶುರುವಾದ ಮಲಬದ್ಧತೆ, ವಾಂತಿಯ ಜೊತೆ ಹೊಟ್ಟೆ ಬಿಗಿತ ಇವುಗಳಲ್ಲಿ ಯಾವುದಿದ್ದರೂ ಮೇಲಿನ ಪಟ್ಟಿಯನ್ನು ಬದಿಗಿಟ್ಟು ವೈದ್ಯರ ಬಳಿ ಹೋಗಬೇಕು. ಪೈಲ್ಸ್ ಇರಬೇಕೆಂದು ಮನೆಯಲ್ಲೇ ತೀರ್ಮಾನಿಸುವುದು ನಮ್ಮ ಕಡೆಯ ದೊಡ್ಡ ಚಟ. ಥೈರಾಯ್ಡ್ ಕೊರತೆ, ಕಬ್ಬಿಣಾಂಶದ ಮಾತ್ರೆ, ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೂ ಹೊಟ್ಟೆ ಕಟ್ಟುತ್ತದೆ.

ಈ ಅಂಕಪಟ್ಟಿ ನನ್ನ ತಾಯಿಗೆ ಹೊಂದಲಿಲ್ಲ. ಅವರು ನೀರು ಕುಡಿಯುವುದೇ ಅಪರೂಪ, ಇಸಬ್ಗೋಲ್ ಅವರ ಹೊಟ್ಟೆಯನ್ನು ಇನ್ನಷ್ಟು ಕಟ್ಟಿಹಾಕಿತು. ವೈದ್ಯರನ್ನು ಕೇಳಿ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಗೆ ಬದಲಿಸಿದೆವು; ಅದನ್ನು ಕಲಸಿದ ಒಂದು ಲೋಟ ನೀರಾದರೂ ಆ ನೆಪದಲ್ಲಿ ಒಳಗೆ ಹೋಗುತ್ತಿದೆ.